ರೋಲರ್ ಕನ್ವೇಯರ್: ಒಂದು ಲೈನ್‌ನಿಂದ ಇನ್ನೊಂದು ಲೈನ್‌ಗೆ ಬಾಕ್ಸ್ ದಾಟಿಸುವುದು ಹೇಗೆ

ಎರಡು ರೋಲರ್ ಲೈನ್‌ಗಳು ಅಕ್ಕಪಕ್ಕ ಓಡುತ್ತಿವೆ. ಎ ಲೈನ್‌ನಲ್ಲಿ ಬರುವ ಬಾಕ್ಸ್‌ಗಳಲ್ಲಿ ಕೆಲವನ್ನು ಬಿ ಲೈನ್‌ಗೆ ದಾಟಿಸಬೇಕು, ಉಳಿದವು ನೇರ ಹೋಗಬೇಕು. ಪೀಣ್ಯದ ಪ್ಯಾಕಿಂಗ್ ಹಾಲ್ ಆಗಲಿ, ನೆಲಮಂಗಲ ಅಥವಾ ಹೊಸಕೋಟೆ ಕಡೆಯ ಗೋದಾಮು ಆಗಲಿ, ಕನ್ವೇಯರ್ ಹಾಕಿದ ಕಡೆಯೆಲ್ಲ ಈ ಕೆಲಸ ಇದ್ದೇ ಇರುತ್ತದೆ. ನೇರ ಓಡುವ ಲೈನ್ ವರ್ಷಗಟ್ಟಲೆ ತಕರಾರಿಲ್ಲದೆ ಓಡಿದರೂ ದಾಟಿಸುವ ಜಾಗ ಮಾತ್ರ ವಾರಕ್ಕೊಮ್ಮೆ ಕೈ ಕೊಡುತ್ತದೆ. ಬಾಕ್ಸ್ ಸೊಟ್ಟಗಾಗುತ್ತದೆ, ಸಿಕ್ಕಿಹಾಕಿಕೊಳ್ಳುತ್ತದೆ, ತಳದ ಟೇಪ್ ಕಿತ್ತು ಬರುತ್ತದೆ.

ಈ ತೊಂದರೆಗಳಲ್ಲಿ ಬಹುಪಾಲಿಗೆ ಕಾರಣ ಒಂದೇ: ಬಾಕ್ಸ್ ಒಂದೇ ಹೊತ್ತಿಗೆ ಎರಡು ಡ್ರೈವ್‌ಗಳ ಹಿಡಿತಕ್ಕೆ ಸಿಕ್ಕಿರುತ್ತದೆ. ರೋಲರ್ ಅದನ್ನು ಮುಂದಕ್ಕೆ ಎಳೆಯುತ್ತಿರುವಾಗಲೇ ದಾಟಿಸುವ ಬೆಲ್ಟ್ ಪಕ್ಕಕ್ಕೆ ಎಳೆಯುತ್ತದೆ. ಇಬ್ಬರು ಯಜಮಾನರ ಕೈಗೆ ಸಿಕ್ಕ ಆಳಿನ ಪಾಡು ಅದು. ಆದ್ದರಿಂದ ಎತ್ತರ, ಗ್ಯಾಪ್, ಸೆನ್ಸರ್, ಪ್ರೋಗ್ರಾಂ ಯಾವುದನ್ನೇ ಹೊಂದಿಸುವಾಗಲೂ ಗುರಿ ಒಂದಿರಲಿ. ಬಾಕ್ಸ್ ಯಾವ ಕ್ಷಣದಲ್ಲೂ ಒಂದೇ ದಿಕ್ಕಿನ ಡ್ರೈವ್ ಮೇಲಿರಬೇಕು. ಒಂದು ಡ್ರೈವ್‌ನಿಂದ ಇನ್ನೊಂದಕ್ಕೆ ಹೋಗುವಾಗ ಎರಡರ ವೇಗವೂ ಎತ್ತರವೂ ಹೆಚ್ಚುಕಡಿಮೆ ಸಮ ಇರಬೇಕು.

ಇಲ್ಲಿನ ಲೆಕ್ಕಗಳಿಗೆ ಒಂದು ಮಾದರಿ ಲೈನ್ ಇಟ್ಟುಕೊಳ್ಳೋಣ. 50 ಮಿ.ಮೀ. ವ್ಯಾಸದ ರೋಲರ್, ವೇಗ ಸೆಕೆಂಡಿಗೆ 0.5 ಮೀಟರ್. ಬಾಕ್ಸ್ ಉದ್ದ 300ರಿಂದ 600 ಮಿ.ಮೀ., ಅಗಲ 200ರಿಂದ 400, ಎತ್ತರ 400ರವರೆಗೆ, ತೂಕ 2ರಿಂದ 40 ಕೆ.ಜಿ. ಬಾಕ್ಸ್ ಉದ್ದುದ್ದಕ್ಕೆ ಹೋಗುತ್ತದೆ.

ಮೊದಲ ಕೆಲಸ: ಬಾಕ್ಸ್ ಅಳೆಯುವುದು

ಡ್ರಾಯಿಂಗ್‌ನಲ್ಲಿ ಬರೆದ ಅಳತೆ ಸಾಲದು. ಗೋದಾಮಿಗೆ ಹೋಗಿ ಅತಿ ಚಿಕ್ಕದು, ಅತಿ ದೊಡ್ಡದು, ಅತಿ ಹಗುರ, ಅತಿ ಭಾರ, ಅತಿ ಎತ್ತರದ್ದು ಹೀಗೆ ಐದು ಬಾಕ್ಸ್ ಆರಿಸಿ ತನ್ನಿ. ತಿರುಗಿಸಿ ತಳ ನೋಡಿ. ಟೇಪ್ ಎದ್ದಿದೆಯೇ? ಸ್ಟ್ರ್ಯಾಪ್‌ನ ಗಂಟು ಕೆಳಗಿದೆಯೇ? ಭಾರದ ವಸ್ತು ನಡುವಿದ್ದು ತಳ ಉಬ್ಬಿದೆಯೇ? ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಕೊರುಗೇಟೆಡ್ ಡಬ್ಬಿ ತೇವ ಹೀರಿ ಮೆತ್ತಗಾಗುತ್ತದೆ. ಮಾರ್ಚ್‌ನಲ್ಲಿ ಚೆನ್ನಾಗಿ ದಾಟುತ್ತಿದ್ದ ಬಾಕ್ಸ್ ಜುಲೈನಲ್ಲಿ ರೋಲರ್‌ಗಳ ನಡುವೆ ಬಾಗುತ್ತದೆ. ಹಾಲಿನ ಕ್ರೇಟ್‌ನ ತಳ ಗಟ್ಟಿ, ಆದರೆ ಅದು ಒದ್ದೆಯಾಗಿ ಬರುವುದರಿಂದ ಬೆಲ್ಟ್ ಮೇಲೆ ಜಾರುತ್ತದೆ. ಚೀಲ, ಪ್ಲಾಸ್ಟಿಕ್ ಪೌಚ್‌ಗಳನ್ನು ನೇರವಾಗಿ ದಾಟಿಸಲು ಹೋಗಬೇಡಿ. ಟ್ರೇ ಅಥವಾ ಟೋಟ್‌ನಲ್ಲಿ (ಪ್ಲಾಸ್ಟಿಕ್ ಪೆಟ್ಟಿಗೆ) ಇಟ್ಟು ಕಳಿಸಿ.

ಬಾಕ್ಸ್‌ನ ಕೆಳಗೆ ಸದಾ ಕನಿಷ್ಠ 3 ರೋಲರ್ ಇರಬೇಕು ಎಂಬುದು ರೋಲರ್ ಲೈನ್‌ನ ಮೂಲ ನಿಯಮ. 300 ಮಿ.ಮೀ. ಬಾಕ್ಸ್‌ಗೆ ಪಿಚ್ (ಒಂದು ರೋಲರ್‌ನ ನಡುವಿನಿಂದ ಮುಂದಿನದರ ನಡುವಿಗೆ ಅಂತರ) 100ಕ್ಕಿಂತ ಹೆಚ್ಚಾಗುವಂತಿಲ್ಲ. ಸಾಮಾನ್ಯ ಲೈನ್‌ನಲ್ಲಿ 75 ಇಡುತ್ತೇವೆ. ದಾಟಿಸುವ ಜಾಗದಲ್ಲಿ ಇದೇ ನಿಯಮ ಇನ್ನೊಂದು ಕಡೆಯಿಂದ ಒತ್ತುತ್ತದೆ. 75 ಪಿಚ್‌ನಲ್ಲಿ ಎರಡು ರೋಲರ್‌ಗಳ ನಡುವೆ ಉಳಿಯುವುದು 25 ಮಿ.ಮೀ. ಮಾತ್ರ, ಅಲ್ಲಿ ಬಾಕ್ಸ್ ಅನ್ನು ಪಕ್ಕಕ್ಕೆ ಒಯ್ಯುವ ಬೆಲ್ಟ್ ಬ್ಲೇಡ್ (ಪಟ್ಟಿಯ ಮೇಲೆ ಓಡುವ ಕಿರಿದಾದ ಬೆಲ್ಟ್) ತೂರುವುದು ಕಷ್ಟ. ಪಿಚ್ 100 ಮಾಡಿದರೆ 50 ಮಿ.ಮೀ. ಸಿಗುತ್ತದೆ, 25 ಮಿ.ಮೀ. ಅಗಲದ ಟಿ10 ಟೈಮಿಂಗ್ (ಹಲ್ಲುಳ್ಳ) ಬೆಲ್ಟ್ ಅದರ ಪಟ್ಟಿಯೊಂದಿಗೆ ಎರಡೂ ಬದಿ ಜಾಗ ಬಿಟ್ಟು ಕೂರುತ್ತದೆ. ಅತಿ ಚಿಕ್ಕ ಬಾಕ್ಸ್ 250 ಮಿ.ಮೀ.ಗೆ ಇಳಿದರೆ ಈ ಜೋಡಣೆ ನಿಲ್ಲುವುದಿಲ್ಲ. ಆಗ ತೆಳ್ಳಗಿನ ಬ್ಲೇಡ್ ಅಥವಾ ಚಿಕ್ಕ ರೋಲರ್ ಹುಡುಕಬೇಕು, ಇಲ್ಲವೇ ಚಿಕ್ಕ ಬಾಕ್ಸ್‌ಗಳನ್ನು ಟೋಟ್‌ಗೆ ಹಾಕಬೇಕು. ಈ ನಿರ್ಧಾರ ಆರ್ಡರ್ ಕೊಡುವ ಮುಂಚೆಯೇ ಆಗಬೇಕು.

ಯಾವ ವಿಧಾನ?

ದಿನಕ್ಕೆ ನೂರಿನ್ನೂರು ಬಾಕ್ಸ್ ಇದ್ದು ಆಳು ಹೇಗೂ ನಿಂತಿರುತ್ತಾರೆ ಎಂದರೆ ಬಾಲ್ ಟ್ರಾನ್ಸ್‌ಫರ್ ಟೇಬಲ್ ಸಾಕು. 25 ಮಿ.ಮೀ. ಉಕ್ಕಿನ ಗುಂಡುಗಳು, ಬಾಕ್ಸ್‌ನ ಚಿಕ್ಕ ಬದಿಯ ಮೂರನೇ ಒಂದರಷ್ಟು ಅಂತರ. ತಳ ಗಟ್ಟಿಯಿದ್ದರೆ ಬೆರಳಲ್ಲಿ ತಳ್ಳಬಹುದು. ಮೆತ್ತನೆ ಕಾರ್ಟನ್ ಮೇಲೆ ಗುಂಡು ಗುಳಿ ಬೀಳಿಸುತ್ತದೆ, ಅಲ್ಲಿ ಬೇಡ.

ಪುಷರ್ ಅಗ್ಗ. ಬಾಕ್ಸ್ ನಿಲ್ಲಿಸಿ ಸಿಲಿಂಡರ್‌ನಿಂದ ಪಕ್ಕಕ್ಕೆ ತಳ್ಳುವುದು. ಗಟ್ಟಿ ಕ್ರೇಟ್‌ಗೆ ಒಳ್ಳೆಯದು, ಎತ್ತರದ ಹಗುರ ಬಾಕ್ಸ್ ಮಗುಚುತ್ತದೆ.

ನಿಲ್ಲಿಸದೆ ತಿರುಗಿಸಬೇಕಾದರೆ ಪಾಪ್‌ಅಪ್ ವೀಲ್ ಡೈವರ್ಟರ್. 30 ಅಥವಾ 45 ಡಿಗ್ರಿ ಓರೆಯ ಚಕ್ರಗಳು ರೋಲರ್ ನಡುವಿನಿಂದ ಮೇಲೆದ್ದು ಓಡುತ್ತಿರುವ ಬಾಕ್ಸ್ ಅನ್ನು ಪಕ್ಕಕ್ಕೆ ಓರೆಯಾಗಿ ಕವಲೊಡೆಯುವ ಸ್ಪರ್ ಲೈನ್‌ಗೆ ತಿರುಗಿಸುತ್ತವೆ. ಇಲ್ಲಿ ಬಹಳ ಜನ ಮರೆಯುವ ಲೆಕ್ಕ ಒಂದಿದೆ. ಸ್ಪರ್ ಲೈನ್ ಮುಖ್ಯ ಲೈನ್‌ನ ವೇಗದಲ್ಲೇ ಓಡಿದರೆ, ಮುಂದಕ್ಕೆ ಸಾಗುವ ಅಂಶ ಕಡಿಮೆಯಾಗಿ ಬಾಕ್ಸ್‌ನ ಹಿಂಭಾಗ ಮುಂಭಾಗವನ್ನು ತಳ್ಳುತ್ತದೆ, ಬಾಕ್ಸ್ ಸುತ್ತುತ್ತದೆ. ಸ್ಪರ್ ವೇಗ ಎಂದರೆ ಮುಖ್ಯ ಲೈನ್ ವೇಗವನ್ನು ಕೋನದ ಕೊಸೈನ್‌ನಿಂದ ಭಾಗಿಸಿದಷ್ಟು. 0.5 ಮೀ./ಸೆ. ಲೈನ್‌ಗೆ 30 ಡಿಗ್ರಿ ಸ್ಪರ್ 0.58ರಲ್ಲಿ, 45 ಡಿಗ್ರಿ ಸ್ಪರ್ 0.71ರಲ್ಲಿ ಓಡಬೇಕು.

ಲೈನ್‌ಗಳು ಸಮಾಂತರವಾಗಿವೆ, ಜಾಗ ಕಡಿಮೆಯಿದೆ, ಬಾಕ್ಸ್ 90 ಡಿಗ್ರಿಯಲ್ಲಿ ಪಕ್ಕಕ್ಕೆ ಹೋಗಬೇಕು ಎಂದಾಗ ಪಾಪ್‌ಅಪ್ ಬೆಲ್ಟ್ ಟ್ರಾನ್ಸ್‌ಫರ್ ಬೇಕು: ರೋಲರ್‌ಗಳ ನಡುವಿನ ಕಿರಿದಾದ ಬೆಲ್ಟ್‌ಗಳು ಮೇಲೆದ್ದು ಬಾಕ್ಸ್ ಅನ್ನು ಎತ್ತಿ ಪಕ್ಕಕ್ಕೆ ಒಯ್ಯುತ್ತವೆ. ಅದರ ಮಿತಿಯನ್ನು ಮೊದಲೇ ಲೆಕ್ಕ ಹಾಕಿ. 400 ಮಿ.ಮೀ. ಬಾಕ್ಸ್ ಒಳಬರಲು 0.9 ಸೆಕೆಂಡು, ನಿಂತು ನೆಲೆಗೊಳ್ಳಲು 0.2, ಏರಲು 0.3, ಪಕ್ಕಕ್ಕೆ ಅರ್ಧ ಮೀಟರ್ ಹೋಗಿ ಎ ಲೈನ್ ಖಾಲಿ ಮಾಡಲು ರ‍್ಯಾಂಪ್ (ವೇಗ ಮೆಲ್ಲಗೆ ಏರುವ ಹೊತ್ತು) ಸೇರಿ 1.3, ಇಳಿಯಲು 0.3. ಒಟ್ಟು 3 ಸೆಕೆಂಡು, ಅಂದರೆ ನಿಮಿಷಕ್ಕೆ 20. ವಾಸ್ತವದಲ್ಲಿ 16-17ರ ಮೇಲೆ ಭರವಸೆ ಕೊಡಬಾರದು. ನಿಮಿಷಕ್ಕೆ 30 ದಾಟಿಸಬೇಕು ಎಂದರೆ ಈ ಯಂತ್ರದ ವೇಗ ಹೆಚ್ಚಿಸಿ ಒದ್ದಾಡಬೇಡಿ, ವೀಲ್ ಡೈವರ್ಟರ್‌ಗೆ ಹೋಗಿ, ಇಲ್ಲವೇ ಎರಡು ಟ್ರಾನ್ಸ್‌ಫರ್ ಹಾಕಿ. ಮುಂದಿನದೆಲ್ಲ ಈ ಪಾಪ್‌ಅಪ್ ಬಗ್ಗೆ.

ಎತ್ತರಗಳು

ಎ ಲೈನ್‌ನಲ್ಲಿ ಒಂದು ಪಾಪ್‌ಅಪ್, ಬಿ ಲೈನ್‌ನಲ್ಲಿ ಒಂದು, ನಡುವೆ ಒಂದು ಚಿಕ್ಕ ಅಡ್ಡ ಕನ್ವೇಯರ್. ಅದನ್ನು ಸೇತುವೆ ಎಂದು ಕರೆಯೋಣ. ಸೇತುವೆಯ ಉದ್ದ ಬಾಕ್ಸ್‌ನ ಗರಿಷ್ಠ ಅಗಲಕ್ಕಿಂತ 100 ಮಿ.ಮೀ. ಹೆಚ್ಚಿರಲಿ, ಅಂದರೆ ಇಲ್ಲಿ 500. ಬಿ ಲೈನ್ ತುಂಬಿದ್ದರೆ ಬಾಕ್ಸ್ ಯಾವ ಲೈನ್‌ಗೂ ಅಡ್ಡವಾಗದೆ ಅಲ್ಲಿ ಕಾಯಬೇಕು. ಜಾಗ ಉಳಿಸಲು ಸೇತುವೆ ಬಿಟ್ಟುಬಿಟ್ಟ ಲೈನ್‌ಗಳಲ್ಲಿ ಬಿ ತುಂಬಿದ ತಕ್ಷಣ ಎ ಕೂಡ ನಿಲ್ಲುತ್ತದೆ.

ಎರಡೂ ಲೈನ್‌ಗಳ ರೋಲರ್ ಮೇಲ್ಮೈ ನೆಲದಿಂದ 750 ಮಿ.ಮೀ. ಇದೆ ಎನ್ನಿ. ಎ ಪಾಪ್‌ಅಪ್‌ನ ಬೆಲ್ಟ್ ಇಳಿದಾಗ 743ರಲ್ಲಿ, ಏರಿದಾಗ 760ರಲ್ಲಿ ಇರಲಿ. ಸೇತುವೆಯ ಮೇಲ್ಮೈ 759. ಬಿ ಪಾಪ್‌ಅಪ್ ಏರಿದಾಗ 758. ಪ್ರತಿ ಹಂತದಲ್ಲೂ ಕೊಡುವ ಕಡೆ 1 ಮಿ.ಮೀ. ಮೇಲೆ, ತೆಗೆದುಕೊಳ್ಳುವ ಕಡೆ 1 ಮಿ.ಮೀ. ಕೆಳಗೆ. ಉಲ್ಟಾ ಆದರೆ ತಳದ ಮಡಿಕೆಯ ಅಂಚು ಮುಂದಿನ ರೋಲರ್‌ಗೆ ತಾಗಿ ನಿಲ್ಲುತ್ತದೆ. 1 ಮಿ.ಮೀ. ಏರು ತಡೆದಷ್ಟು ಬಾಕ್ಸ್‌ಗಳನ್ನು 5 ಮಿ.ಮೀ. ಇಳಿತ ತಡೆಯುವುದಿಲ್ಲ. ಇದೇ ಸೇತುವೆಯಲ್ಲಿ ಎರಡೂ ದಿಕ್ಕಿಗೆ ಬಾಕ್ಸ್ ಹೋಗಬೇಕಾದರೆ ಮೂರನ್ನೂ ಸಮ ಇಟ್ಟು ವ್ಯತ್ಯಾಸವನ್ನು ಅರ್ಧ ಮಿ.ಮೀ. ಒಳಗೆ ಹಿಡಿಯಬೇಕು. ಅದು ಸಾಧ್ಯ, ಆದರೆ ಅದನ್ನು ಹಾಗೇ ಕಾಪಾಡಿಕೊಳ್ಳಲು ಶ್ರದ್ಧೆ ಬೇಕು.

ಎತ್ತರ ನೋಡಲು ಒಂದು ಮೀಟರ್ ಉದ್ದದ ಸ್ಟ್ರೈಟ್ ಎಡ್ಜ್ ಮತ್ತು ಫೀಲರ್ ಗೇಜ್ ಸಾಕು. ಪಾಪ್‌ಅಪ್ ಏರಿಸಿ, ಸ್ಟ್ರೈಟ್ ಎಡ್ಜ್ ಅನ್ನು ಎಲ್ಲ ಬೆಲ್ಟ್‌ಗಳ ಮೇಲೆ ಅಡ್ಡಲಾಗಿ ಇಡಿ. ಯಾವ ಬೆಲ್ಟ್ ಕೆಳಗೂ 0.5 ಮಿ.ಮೀ. ಫೀಲರ್ ಹೋಗಬಾರದು. ನಾಲ್ಕು ಬೆಲ್ಟ್‌ಗಳಲ್ಲಿ ಒಂದು ಮಾತ್ರ 1 ಮಿ.ಮೀ. ಎತ್ತರವಿದ್ದರೂ ಹಗುರ ಬಾಕ್ಸ್ ಅದೊಂದರ ಮೇಲೆಯೇ ಕೂತು ತಿರುಗುತ್ತದೆ. ಬಳಿಕ ಪಾಪ್‌ಅಪ್ ಇಳಿಸಿ ರೋಲರ್‌ಗಳ ಮೇಲೆ ಹಾಗೆಯೇ ನೋಡಿ: ಬೆಲ್ಟ್ ಎಲ್ಲೂ ಎಡ್ಜ್‌ಗೆ ತಾಗಬಾರದು, ಕನಿಷ್ಠ 5 ಮಿ.ಮೀ. ಕೆಳಗಿರಬೇಕು. ತಳ ಉಬ್ಬಿದ ಬಾಕ್ಸ್‌ಗೆ ಆ 5 ಮಿ.ಮೀ. ಬೇಕೇ ಬೇಕು.

ದಾಟುವ ಬದಿಯಲ್ಲಿ ಸೈಡ್ ಗೈಡ್ ಇರಬಾರದು ಎಂಬುದು ಎಲ್ಲರಿಗೂ ಗೊತ್ತು. ಸೈಡ್ ಚಾನೆಲ್‌ನ ಮೇಲಂಚು ಕೂಡ ರೋಲರ್ ಮೇಲ್ಮೈಗಿಂತ ಕೆಳಗಿರಬೇಕು, ಚಾನೆಲ್‌ಗೆ ಹಾಕಿದ ಬೋಲ್ಟ್‌ನ ತಲೆ ಸಹ. ಬೆಲ್ಟ್‌ನ ಕೊನೆಯ ಪುಲ್ಲಿಯ ನಡುವಿನಿಂದ ಸೇತುವೆಯ ಮೊದಲ ರೋಲರ್‌ನ ನಡುವಿಗೆ ಅಂತರ 65 ಮಿ.ಮೀ. ದಾಟದಿರಲಿ. ಪಕ್ಕಕ್ಕೆ ಹೋಗುವಾಗ ಬಾಕ್ಸ್‌ನ 200 ಮಿ.ಮೀ. ಅಗಲವೇ ಅದರ ಉದ್ದವಾಗುತ್ತದೆ. ಮೂರರ ನಿಯಮ ಇಲ್ಲೂ ಅನ್ವಯಿಸುತ್ತದೆ, ಸೇತುವೆಯ ರೋಲರ್ ಪಿಚ್‌ಗೂ ಅದೇ ಮಿತಿ. ಈ ಕಾರಣಕ್ಕೆ ಸೇತುವೆಯಾಗಿ ರೋಲರ್‌ಗಿಂತ ಬೆಲ್ಟ್ ಕನ್ವೇಯರ್ ಹಾಕುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಎತ್ತುವ ಬಲ, ಗಾಳಿ

40 ಕೆ.ಜಿ. ಬಾಕ್ಸ್, ಪಾಪ್‌ಅಪ್‌ನ ಬೆಲ್ಟ್‌ಗಳನ್ನು ಹೊತ್ತ 30 ಕೆ.ಜಿ. ಫ್ರೇಮ್, ಒಟ್ಟು 70 ಕೆ.ಜಿ., ಸುಮಾರು 690 ನ್ಯೂಟನ್. 5 ಬಾರ್ ಗಾಳಿಯಲ್ಲಿ 50 ಮಿ.ಮೀ. ಬೋರ್ (ಒಳವ್ಯಾಸ) ಸಿಲಿಂಡರ್ 980 ನ್ಯೂಟನ್ ಕೊಡುತ್ತದೆ. ಕಾಗದದ ಮೇಲೆ ಸಾಕು. ಆದರೆ ಬೇರೆ ಯಂತ್ರಗಳೆಲ್ಲ ಒಟ್ಟಿಗೆ ಗಾಳಿ ಎಳೆದು ಒತ್ತಡ 4 ಬಾರ್‌ಗೆ ಬಿದ್ದಾಗ ಅದು 785ಕ್ಕೆ ಇಳಿಯುತ್ತದೆ. ಭಾರದ ಬಾಕ್ಸ್ ಬಂದಾಗ ಫ್ರೇಮ್ ನಿಧಾನವಾಗಿ ತೆವಳುತ್ತಾ ಏರುತ್ತದೆ, ಟೈಮರ್ ಮೀರುತ್ತದೆ. 63 ಮಿ.ಮೀ. ಬೋರ್ ಹಾಕಿದರೆ 5 ಬಾರ್‌ನಲ್ಲಿ 1,560 ನ್ಯೂಟನ್ ಸಿಗುತ್ತದೆ, ಅಗತ್ಯ ಅದರ ಅರ್ಧಕ್ಕಿಂತ ಕಡಿಮೆ. ಅದನ್ನೇ ಹಾಕಿ.

ಒಂದೇ ಸಿಲಿಂಡರ್ ನಡುವಿನಲ್ಲಿ ಎತ್ತುವುದಾದರೆ ನಾಲ್ಕು ಮೂಲೆಗೆ ಗೈಡ್ ಬುಷ್ ಇರಬೇಕು. ಬಾಕ್ಸ್ ಒಂದು ಮೂಲೆಗೆ ಕೂತಾಗ ಫ್ರೇಮ್ ವಾಲದಂತೆ ಲಿಂಕ್ ಶಾಫ್ಟ್ ಇದ್ದರೆ ಇನ್ನೂ ಒಳ್ಳೆಯದು. ವಾಲ್ವ್ ಅನ್ನು ದೂರದ ಪ್ಯಾನೆಲ್‌ನಲ್ಲಿ ಇಡದೆ ಸಿಲಿಂಡರ್ ಹತ್ತಿರವೇ ಕೂರಿಸಿ. ಉದ್ದದ ಟ್ಯೂಬ್ ತುಂಬುವ ಹೊತ್ತು ಪ್ರತಿ ಸೈಕಲ್‌ಗೂ ಸೇರುತ್ತದೆ. ಫ್ಲೋ ಕಂಟ್ರೋಲ್ ಹೊರಹೋಗುವ ಗಾಳಿಯನ್ನು ತಡೆಯುವಂತೆ ಜೋಡಿಸಿ. ಏರಲು 0.3 ಸೆಕೆಂಡು ಬರುವವರೆಗೆ ಸಡಿಲಿಸಿ. ಇಳಿಯುವ ಕಡೆ ಇನ್ನಷ್ಟು ಬಿಗಿ ಇರಲಿ, ಏಕೆಂದರೆ ಇಳಿಯುವಾಗ ಬಾಕ್ಸ್‌ನ ಭಾರವೂ ಸೇರಿ ಒತ್ತುತ್ತದೆ. ಗಾಜಿನ ಬಾಟಲಿ ತುಂಬಿದ ಬಾಕ್ಸ್ ಇಳಿಯುವಾಗ ಸದ್ದು ಕೇಳಿಸಿದರೆ ಇನ್ನೂ ಬಿಗಿ ಮಾಡಿ.

ಗಾಳಿ ಇಲ್ಲದ ಕಡೆ 24 ವೋಲ್ಟ್ ಮೋಟರ್ ಮತ್ತು ಕ್ಯಾಮ್‌ನಿಂದ ಏರುವ ಪಾಪ್‌ಅಪ್ ಸಿಗುತ್ತದೆ. ಕಂಪ್ರೆಸರ್ ಖರ್ಚು ಉಳಿಯುತ್ತದೆ, ಪ್ರತಿ ಸಲ ಒಂದೇ ಎತ್ತರಕ್ಕೆ ಏರುತ್ತದೆ. 24 ವೋಲ್ಟ್ ವೈರಿಂಗ್ ಬಗ್ಗೆ ಮಾತ್ರ ಎಚ್ಚರ. 2.5 ಚ.ಮಿ.ಮೀ. ತಾಮ್ರದ ತಂತಿಯಲ್ಲಿ 15 ಮೀಟರ್ ದೂರಕ್ಕೆ 10 ಆಂಪಿಯರ್ ಕಳಿಸಿದರೆ ಹೋಗಿಬರುವ 30 ಮೀಟರ್‌ನಲ್ಲಿ ಸುಮಾರು 2 ವೋಲ್ಟ್ ಕಳೆದುಹೋಗುತ್ತದೆ. ಮೋಟರ್‌ಗೆ 22 ವೋಲ್ಟ್ ಮಾತ್ರ ಮುಟ್ಟುತ್ತದೆ. ಮೂರ‍್ನಾಲ್ಕು ಮೋಟರ್ ರೋಲರ್ (ಒಳಗೇ ಮೋಟರ್ ಇರುವ ರೋಲರ್) ಒಟ್ಟಿಗೆ ಸ್ಟಾರ್ಟ್ ಆದಾಗ ಇನ್ನೂ ಇಳಿದು ಡ್ರೈವರ್ ಕಾರ್ಡ್ ಎರರ್ ತೋರಿಸುತ್ತದೆ. ಎಷ್ಟೋ ಕಡೆ ಕಾರ್ಡ್ ಬದಲಿಸಿ ದುಡ್ಡು ಕಳೆಯುತ್ತಾರೆ. ಆ ಜಾಗದಲ್ಲಿ 4 ಚ.ಮಿ.ಮೀ. ತಂತಿ ಹಾಕಿ ಅಥವಾ ಎಸ್‌ಎಂಪಿಎಸ್ (24 ವೋಲ್ಟ್ ಕೊಡುವ ಪವರ್ ಸಪ್ಲೈ) ಹತ್ತಿರಕ್ಕೆ ತನ್ನಿ. ಮಲ್ಟಿಮೀಟರ್ ಅನ್ನು ಪ್ಯಾನೆಲ್‌ನಲ್ಲಿ ಇಡದೆ ಮೋಟರ್ ಟರ್ಮಿನಲ್‌ನಲ್ಲೇ, ಸ್ಟಾರ್ಟ್ ಆಗುವ ಹೊತ್ತಿಗೆ ಇಟ್ಟು ನೋಡಿ.

ಸೆನ್ಸರ್ ಮತ್ತು ಸರಣಿ

ಐದು ಫೋಟೋ ಸೆನ್ಸರ್ ಬೇಕು. ಎಸ್1 ಎ ಪಾಪ್‌ಅಪ್‌ನ ಬಾಗಿಲಲ್ಲಿ, ಹಿಂದಿನ ಜೋನ್ (ಬೇರೆಯಾಗಿ ಓಡಿಸಿ ನಿಲ್ಲಿಸಬಹುದಾದ ಲೈನ್‌ನ ತುಂಡು) ಮುಗಿಯುವ ಗೆರೆಯ ಮೇಲೆ. ಎಸ್2 ಸ್ಟಾಪರ್‌ಗೆ (ಮೇಲೆದ್ದು ಬಾಕ್ಸ್ ನಿಲ್ಲಿಸುವ ತಡೆ) 30 ಮಿ.ಮೀ. ಮುಂಚೆ. ಎಸ್3 ಎ ಪಾಪ್‌ಅಪ್ ಮತ್ತು ಸೇತುವೆಯ ನಡುವಿನ ಗ್ಯಾಪ್‌ನಲ್ಲಿ. ಎಸ್4 ಸೇತುವೆ ಮತ್ತು ಬಿ ಪಾಪ್‌ಅಪ್ ನಡುವೆ. ಎಸ್5 ಬಿ ಪಾಪ್‌ಅಪ್‌ನ ಆಚೆ ಬದಿಯಲ್ಲಿ, ಬಾಕ್ಸ್ ಪೂರ್ತಿ ಒಳಗೆ ಬಂದಾಗ ತಾಗುವಂತೆ. ಜೊತೆಗೆ ಎರಡೂ ಪಾಪ್‌ಅಪ್‌ಗಳಿಗೆ ಏರಿದ ಮತ್ತು ಇಳಿದ ಸ್ಥಾನದ ರೀಡ್ ಸ್ವಿಚ್. ಖರ್ಚು ಉಳಿಸಲು ಇಳಿದ ಸ್ಥಾನದ ಸ್ವಿಚ್ ಬಿಟ್ಟು ಟೈಮರ್ ಮೇಲೆ ನಡೆಸುವವರಿದ್ದಾರೆ. ಗಾಳಿ ಒತ್ತಡ ಇಳಿದ ದಿನ ಆ ಟೈಮರ್ ಸುಳ್ಳು ಹೇಳುತ್ತದೆ, ಮುಂದಿನ ಬಾಕ್ಸ್ ಇನ್ನೂ ಮೇಲಿರುವ ಬೆಲ್ಟ್‌ಗೆ ಬಡಿಯುತ್ತದೆ. ಆ ಸ್ವಿಚ್ ಅನ್ನು ಬಿಡಬೇಡಿ.

ಸೆನ್ಸರ್‌ಗಳು ರೋಲರ್ ಮೇಲ್ಮೈಯಿಂದ 30-40 ಮಿ.ಮೀ. ಎತ್ತರದಲ್ಲಿರಲಿ. ಹೊಳೆಯುವ ಶ್ರಿಂಕ್ ಫಿಲ್ಮ್ ಸುತ್ತಿದ ಬಾಕ್ಸ್ ಇದ್ದರೆ ಪೋಲರೈಸ್ಡ್ ರಿಫ್ಲೆಕ್ಟರ್ ಮಾದರಿಯೇ ಬೇಕು. ಸಾದಾ ರಿಫ್ಲೆಕ್ಟರ್ ಸೆನ್ಸರ್ ಫಿಲ್ಮ್‌ನ ಹೊಳಪನ್ನೇ ರಿಫ್ಲೆಕ್ಟರ್ ಎಂದುಕೊಂಡು ಬಾಕ್ಸ್ ಇಲ್ಲ ಎನ್ನುತ್ತದೆ. ಜಾಲರಿ ಗೋಡೆಯ ಕ್ರೇಟ್‌ಗಳಿಗೆ, ಬಾಕ್ಸ್ ಹೋಯಿತು ಎಂಬ ತೀರ್ಮಾನಕ್ಕೆ 100 ಮಿಲಿಸೆಕೆಂಡ್ ವಿಳಂಬ ಇಡಿ. ಇಲ್ಲವಾದರೆ ಕ್ರೇಟ್‌ನ ಒಂದೊಂದು ತೂತೂ ಒಂದೊಂದು ಬಾಕ್ಸ್‌ನಂತೆ ಎಣಿಕೆಯಾಗುತ್ತದೆ.

ಇನ್ನು ಪಿಎಲ್‌ಸಿಯಲ್ಲಿ (ಲೈನ್ ನಡೆಸುವ ಕಂಪ್ಯೂಟರ್) ಬರೆಯಬೇಕಾದ ಸರಣಿ:

1. ಬಾಕ್ಸ್ ಬಿ ಲೈನ್‌ಗೆ ಹೋಗಬೇಕು ಎಂಬ ನಿರ್ಧಾರ ಎಸ್1 ಮುಂಚೆಯೇ, ಬಾರ್‌ಕೋಡ್ ಸ್ಕ್ಯಾನರ್‌ನಿಂದ, ಬಂದಿರಬೇಕು. ಆಗ ಎ ಲೈನ್ ಸ್ಟಾಪರ್ ಏರುತ್ತದೆ.

2. ಬಾಕ್ಸ್ ಎಸ್1 ದಾಟಿ ಎಸ್1 ಖಾಲಿಯಾದ ಕೂಡಲೇ ಹಿಂದಿನ ಜೋನ್ ನಿಲ್ಲಬೇಕು. ಎಸ್2 ತಾಗಿದ ಮೇಲೆ 0.2 ಸೆಕೆಂಡು ರೋಲರ್ ಓಡಲಿ, ಬಾಕ್ಸ್ ಸ್ಟಾಪರ್‌ಗೆ ಒತ್ತಿ ನೇರವಾಗುತ್ತದೆ. ಆಮೇಲೆ ರೋಲರ್ ನಿಲ್ಲಲಿ.

3. ಎಸ್1 ಖಾಲಿ, ಎಸ್2 ತುಂಬಿದೆ, ರೋಲರ್ ನಿಂತಿದೆ, ಎಸ್3 ಖಾಲಿ, ಸೇತುವೆ ಖಾಲಿ. ಈ ಐದೂ ನಿಜವಾದರೆ ಮಾತ್ರ ಪಾಪ್‌ಅಪ್ ಏರಬೇಕು. ಏರುವಾಗ ಬೆಲ್ಟ್ ಓಡಬಾರದು.

4. ಏರಿದ ಸ್ವಿಚ್ ಬಂದ ಮೇಲೆ ಬೆಲ್ಟ್ ಮತ್ತು ಸೇತುವೆ ಒಟ್ಟಿಗೆ, ಒಂದೇ ರ‍್ಯಾಂಪ್‌ನಲ್ಲಿ ಹೊರಡಲಿ. ಸೆಕೆಂಡಿಗೆ 0.5 ಮೀಟರ್ ಮುಟ್ಟಲು ಅರ್ಧ ಸೆಕೆಂಡು ಕೊಡಿ.

5. ಎಸ್3 ತುಂಬಿ ಮತ್ತೆ ಖಾಲಿಯಾದಾಗ ಎ ಬೆಲ್ಟ್ ನಿಲ್ಲಲಿ, ಇಳಿಯಲಿ. ಇಳಿದ ಸ್ವಿಚ್ ಬಂದ ಮೇಲೆಯೇ ಹಿಂದಿನ ಜೋನ್‌ಗೆ ಬಿಡುಗಡೆ.

6. ಬಾಕ್ಸ್ ಎಸ್4ಕ್ಕೆ ತಾಗುವ ಹೊತ್ತಿಗೆ ಬಿ ಪಾಪ್‌ಅಪ್ ಏರಿ ಸಿದ್ಧವಿಲ್ಲದಿದ್ದರೆ ಸೇತುವೆ ಅಲ್ಲೇ ನಿಲ್ಲಬೇಕು. ಬಿ ಕಡೆ ಸಿದ್ಧ ಎಂದರೆ ಅದರ ಜೋನ್ ಖಾಲಿ, ಅದರ ಹಿಂದಿನ ಜೋನ್ ತಡೆಹಿಡಿದಿದೆ, ಬೆಲ್ಟ್ ಏರಿದ ಸ್ವಿಚ್ ಬಂದಿದೆ ಎಂದರ್ಥ.

7. ಎಸ್5 ತಾಗಿ, ಎಸ್4 ಖಾಲಿಯಾದ ಮೇಲೆ ಬಿ ಬೆಲ್ಟ್ ನಿಲ್ಲಲಿ, ಇಳಿಯಲಿ, ಇಳಿದ ಸ್ವಿಚ್ ಬಂದ ಮೇಲೆ ಬಿ ರೋಲರ್ ಹೊರಡಲಿ.

ಮೂರನೇ ಹಂತದ ‘ಎಸ್1 ಖಾಲಿ’ ಎಂಬ ಒಂದೇ ಷರತ್ತು ಅರ್ಧದಷ್ಟು ಜಾಮ್ ತಪ್ಪಿಸುತ್ತದೆ. ಹಿಂದಿನ ಬಾಕ್ಸ್ ಮೂಗು ತೂರಿಸಿ ನಿಂತಿರುವಾಗ ಪಾಪ್‌ಅಪ್ ಏರಿದರೆ ಅದರ ಮೂತಿಯೂ ಮೇಲೇಳುತ್ತದೆ, ಬೆಲ್ಟ್ ಅದನ್ನು ಪಕ್ಕಕ್ಕೆ ಎಳೆದು ಗೈಡ್‌ಗೆ ತುರುಕುತ್ತದೆ. ಆದ್ದರಿಂದ ಎರಡು ಬಾಕ್ಸ್‌ಗಳ ನಡುವೆ ಗ್ಯಾಪ್ ಇರಲೇಬೇಕು. 24 ವೋಲ್ಟ್ ಮೋಟರ್ ರೋಲರ್‌ನ ಜೋನ್ ಲೈನ್‌ಗಳಲ್ಲಿ ಇದು ತಾನಾಗಿ ಬರುತ್ತದೆ. ಲೈನ್‌ಶಾಫ್ಟ್ (ಒಂದೇ ಉದ್ದ ಶಾಫ್ಟ್‌ನಿಂದ ಓಡುವ) ಅಥವಾ ಬೆಲ್ಟ್ ಚಾಲಿತ ರೋಲರ್‌ನಲ್ಲಿ ಬಾಕ್ಸ್‌ಗಳು ಅಂಟಿಕೊಂಡೇ ಬರುತ್ತವೆ. ಮುಂದಿನ ಭಾಗವನ್ನು 1.5 ಪಟ್ಟು ವೇಗದಲ್ಲಿ ಓಡಿಸಿ. 400 ಮಿ.ಮೀ. ಬಾಕ್ಸ್‌ಗೆ 200 ಮಿ.ಮೀ. ಗ್ಯಾಪ್ ಸಿಗುತ್ತದೆ, 300ರ ಬಾಕ್ಸ್‌ಗೆ 150 ಮಾತ್ರ. ಲೆಕ್ಕವನ್ನು ಚಿಕ್ಕ ಬಾಕ್ಸ್‌ಗೇ ಮಾಡಿ.

ಎಷ್ಟು ಗ್ಯಾಪ್ ಸಾಕು? ಸೆನ್ಸರ್ ಕಂಡದ್ದರಿಂದ ಹಿಡಿದು ಜೋನ್ ನಿಲ್ಲುವವರೆಗಿನ ವಿಳಂಬಗಳನ್ನು ಕೂಡಿಸಿ. ಪಿಎಲ್‌ಸಿ ಸ್ಕ್ಯಾನ್ 10 ಮಿಲಿಸೆಕೆಂಡ್ ಎಂದರೆ 5 ಮಿ.ಮೀ. ಓಟ. ಕ್ರೇಟ್‌ಗಾಗಿ ಇಟ್ಟ 100 ಮಿಲಿಸೆಕೆಂಡ್ ಎಂದರೆ 50 ಮಿ.ಮೀ. ಭಾರದ ಬಾಕ್ಸ್ ಬ್ರೇಕ್ ಹಿಡಿದ ಮೇಲೂ ಜಾರುವುದು ಇನ್ನೊಂದು 50. ಹೀಗೆ 100 ದಾಟುತ್ತದೆ. 150 ಮಿ.ಮೀ. ಕನಿಷ್ಠ ಎಂದು ಇಟ್ಟುಕೊಳ್ಳಿ.

ಬಿ ಲೈನ್‌ನಲ್ಲಿ ಬರುವವುಗಳಿಗೂ ಸೇತುವೆಯಿಂದ ಬರುವವುಗಳಿಗೂ ಸರದಿ ಬೇಕು. ಮೊದಲು ಬಂದವರಿಗೆ ಮೊದಲು ಎಂಬುದು ಕಡಿಮೆ ಸಂಚಾರಕ್ಕೆ ಸಾಕು. ಬಿ ಲೈನ್ ತುಂಬು ಲೈನ್ ಆಗಿದ್ದರೆ ನಾಲ್ಕು ನೇರ ಬಾಕ್ಸ್‌ಗೆ ಒಂದು ಸೇತುವೆ ಬಾಕ್ಸ್ ಎಂಬಂತೆ ಅನುಪಾತ ಕೊಡಿ, ಇಲ್ಲದಿದ್ದರೆ ಸೇತುವೆಯ ಬಾಕ್ಸ್‌ಗೆ ಸರದಿ ಬರುವುದೇ ಇಲ್ಲ. ಒಂದೇ ಸೇತುವೆಯಲ್ಲಿ ಎರಡೂ ದಿಕ್ಕಿನ ಸಂಚಾರವಿದ್ದರೆ, ಬಾಕ್ಸ್ ಪಾಪ್‌ಅಪ್‌ಗೆ ಬರುವ ಮುಂಚೆಯೇ ಸೇತುವೆ ಮತ್ತು ಆಚೆಯ ಜೋನ್ ಎರಡನ್ನೂ ಅದರ ಹೆಸರಿಗೆ ಕಾಯ್ದಿರಿಸಬೇಕು. ಎರಡೂ ಕಡೆ ಪಾಪ್‌ಅಪ್ ಮೇಲೆ ಬಾಕ್ಸ್ ನಿಂತು ಪರಸ್ಪರ ಕಾಯುತ್ತಿದ್ದರೆ ಬಿಡಿಸಲು ಮನುಷ್ಯನೇ ಬರಬೇಕು.

ಪ್ರತಿ ಹಂತಕ್ಕೂ ಜಾಮ್ ಟೈಮರ್ ಇಡಿ, ನಿರೀಕ್ಷಿತ ಸಮಯದ ಎರಡರಷ್ಟು. ಅಲಾರಂ ‘ಟ್ರಾನ್ಸ್‌ಫರ್ ಫಾಲ್ಟ್’ ಎಂದು ಮಾತ್ರ ಹೇಳಿದರೆ ಪ್ರಯೋಜನವಿಲ್ಲ. ‘ಎಸ್3 ಖಾಲಿಯಾಗಲಿಲ್ಲ’ ಎಂದು ಹೇಳಬೇಕು, ಆಗ ಶಿಫ್ಟ್‌ನವರು ಸೀದಾ ಅಲ್ಲಿಗೇ ಹೋಗುತ್ತಾರೆ.

ಕರೆಂಟ್ ಹೋಗಿ ಬಂದಾಗ ಪಿಎಲ್‌ಸಿ ತನ್ನ ನೆನಪಿನಿಂದ ಮುಂದುವರಿಯಬಾರದು. ಆ ಹೊತ್ತಿನಲ್ಲಿ ಯಾರೋ ಬಾಕ್ಸ್ ಎತ್ತಿ ಪಕ್ಕಕ್ಕಿಟ್ಟಿರುತ್ತಾರೆ. ಎಸ್3, ಎಸ್4 ಎರಡೂ ಖಾಲಿಯಿದ್ದರೆ ಪಾಪ್‌ಅಪ್‌ಗಳನ್ನು ಇಳಿಸಿ ಆರಂಭಿಸಿ. ಒಂದು ತುಂಬಿದ್ದರೂ ಬಾಕ್ಸ್ ಪಾಪ್‌ಅಪ್ ಮತ್ತು ಸೇತುವೆ ಎರಡರ ಮೇಲೂ ಇದೆ ಎಂದರ್ಥ. ಆಪರೇಟರ್ ನೋಡಿ ಒಪ್ಪಿಗೆ ಕೊಟ್ಟ ಮೇಲೆ ಮಾತ್ರ ಚಲನೆ. ದಾರಿಯಲ್ಲಿದ್ದ ಬಾಕ್ಸ್‌ಗಳನ್ನು ಮತ್ತೆ ಸ್ಕ್ಯಾನ್ ಮಾಡಿಸಿ.

ಓಡಿಸಿ ನೋಡುವುದು

ಮೊದಲು ಬಾಕ್ಸ್ ಇಲ್ಲದೆ, ಕೈಯಿಂದ ಸೆನ್ಸರ್ ಮುಚ್ಚಿ ಒಂದೊಂದೇ ಹಂತ ನಡೆಸಿ. ಷರತ್ತುಗಳನ್ನು ಬೇಕೆಂದೇ ಮುರಿದು ನೋಡಿ: ಎಸ್1 ಮುಚ್ಚಿಟ್ಟುಕೊಂಡು ಏರಿಸಲು ಹೇಳಿ, ಏರಬಾರದು. ಇಳಿದ ಸ್ವಿಚ್‌ನ ಕೇಬಲ್ ಬಿಚ್ಚಿ, ಮುಂದಿನ ಬಾಕ್ಸ್ ಒಳಬರಬಾರದು. ನಂತರ ಮೊದಲು ಆರಿಸಿ ತಂದ ಐದು ಬಾಕ್ಸ್‌ಗಳನ್ನು ಒಂದೊಂದಾಗಿ, ಆಮೇಲೆ ಬೆರೆಸಿ, ಕೊನೆಗೆ ಅತಿ ಭಾರದ ಹಿಂದೆಯೇ ಅತಿ ಹಗುರದ್ದನ್ನು ಕಳಿಸಿ. ಬಾಕ್ಸ್‌ನ ಮೇಲೆ ಬದಿಗೆ ಸಮಾಂತರವಾಗಿ ಸೀಮೆಸುಣ್ಣದ ಗೆರೆ ಎಳೆಯಿರಿ, ಮೊಬೈಲ್‌ನ ಸ್ಲೋ ಮೋಷನ್‌ನಲ್ಲಿ ಮೇಲಿನಿಂದ ಚಿತ್ರೀಕರಿಸಿ. ಬರಿಗಣ್ಣಿಗೆ ‘ಸ್ವಲ್ಪ ಸೊಟ್ಟ’ ಎಂದಷ್ಟೇ ಕಾಣುವುದು ಅಲ್ಲಿ ಬಿಡಿಸಿ ಕಾಣುತ್ತದೆ: ಏರುವಾಗ ಸೊಟ್ಟಾಯಿತೋ, ಹೊರಡುವಾಗಲೋ, ಸೇತುವೆ ಮುಟ್ಟುವಾಗಲೋ.

ಏರುವಾಗಲೇ ತಿರುಗಿದರೆ ಬೆಲ್ಟ್‌ಗಳು ಸಮವಿಲ್ಲ ಅಥವಾ ರೋಲರ್ ಇನ್ನೂ ಓಡುತ್ತಿದೆ. ಹೊರಡುವಾಗ ತಿರುಗಿದರೆ ಒಂದು ಬೆಲ್ಟ್ ಸಡಿಲ, ಅಥವಾ ಬೆಲ್ಟ್ ಮೇಲೆ ಧೂಳು ಮತ್ತು ಟೇಪ್‌ನ ಅಂಟು. ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ನೋಡಿ, ಬಹಳ ಸಲ ಅಷ್ಟೇ ಇರುತ್ತದೆ. ಸೇತುವೆ ಮುಟ್ಟುವಾಗ ತಿರುಗಿದರೆ ವೇಗ ಬೇರೆ ಬೇರೆ. ವಿಎಫ್‌ಡಿ (ಮೋಟರ್ ವೇಗ ಹೊಂದಿಸುವ ಸಾಧನ) ತೋರಿಸುವ ಹರ್ಟ್ಸ್ ನಂಬಬೇಡಿ, ಟ್ಯಾಕೊಮೀಟರ್‌ನ ಚಕ್ರವನ್ನು ಬೆಲ್ಟ್ ಮೇಲೂ ಸೇತುವೆ ಮೇಲೂ ಇಟ್ಟು ಅಳೆಯಿರಿ, ಸೇತುವೆ ಶೇ. 5ರವರೆಗೆ ಜಾಸ್ತಿ ಇರಬಹುದು, ಕಡಿಮೆ ಇರಬಾರದು. ಭಾರದ ಬಾಕ್ಸ್ ಮಾತ್ರ ನಡುವೆ ನಿಂತರೆ ರೋಲರ್‌ನಿಂದ ರೋಲರ್‌ಗೆ ಎಳೆತ ದಾಟಿಸುವ ಪಾಲಿ-ವಿ ಬೆಲ್ಟ್ ಅಥವಾ ಓ-ರಿಂಗ್ ನೋಡಿ. ಮೋಟರ್ ರೋಲರ್‌ನಿಂದ ದೂರ ಹೋದಂತೆ ಎಳೆತ ಕಡಿಮೆಯಾಗುತ್ತದೆ. ಓ-ರಿಂಗ್‌ನಲ್ಲಿ ಇದು ಇನ್ನೂ ಹೆಚ್ಚು. ಆದ್ದರಿಂದ ಟ್ರಾನ್ಸ್‌ಫರ್ ಜೋನ್‌ನಲ್ಲಿ ಪಾಲಿ-ವಿ ಹಾಕಿ, ಮೋಟರ್ ರೋಲರ್ ಅನ್ನು ಜೋನ್‌ನ ನಡುವೆ ಇಡಿ.

ಎತ್ತರದ ಬಾಕ್ಸ್ ವಾಲುತ್ತಿದ್ದರೆ ವೇಗ ಇಳಿಸಬೇಕಿಲ್ಲ, ರ‍್ಯಾಂಪ್ ಉದ್ದ ಮಾಡಿ. ವಾಲಿಸುವುದು ಏಕಾಏಕಿ ಹೊರಡುವುದು ಮತ್ತು ನಿಲ್ಲುವುದು.

ಕೈ ಹಾಕುವ ಮುಂಚೆ ಲೈನ್ ಲಾಕ್ ಮಾಡಿ, ಪಾಪ್‌ಅಪ್ ಇಳಿಸಿ, ಗಾಳಿ ಬಿಟ್ಟು ಗೇಜ್ ಸೊನ್ನೆ ಆಗಿದೆಯೇ ಎಂದು ಕಣ್ಣಾರೆ ನೋಡಿ. ಏರಿದ ಫ್ರೇಮ್‌ನ ಕೆಳಗೆ ಕೆಲಸ ಇದ್ದರೆ ಲೋಹದ ಆಸರೆ ಕೊಟ್ಟೇ ಟ್ಯೂಬ್ ಬಿಚ್ಚಿ. ಸ್ಟಾಪ್ ಬಟನ್ ಒತ್ತಿದ್ದರೂ ಸಿಲಿಂಡರ್‌ನಲ್ಲಿ ಗಾಳಿ ಉಳಿದಿರುತ್ತದೆ, ಬಾಕ್ಸ್ ಸರಿದ ಕ್ಷಣ ಫ್ರೇಮ್ ಜಿಗಿಯಬಹುದು. ಸಿಕ್ಕ ಬಾಕ್ಸ್ ಅನ್ನು ಓಡುವ ಲೈನ್‌ನಲ್ಲಿ ಕೈಯಿಂದ ತಳ್ಳಿ ಬಿಡಿಸುವ ಅಭ್ಯಾಸ ಎಲ್ಲಿದೆಯೋ ಅಲ್ಲಿ ಬೆರಳು ಹೋಗುವ ಅಪಾಯ ನಿಜವಾಗಿಯೂ ಇದೆ. ಅದನ್ನು ಕಂಡರೆ ಸುಮ್ಮನಿರಬೇಡಿ.

ಪ್ಯಾಲೆಟ್ ಆದರೆ

ತತ್ವ ಇದೇ, ಬೆಲ್ಟ್ ಬದಲು ಚೈನ್. ಆದರೆ ಪ್ಯಾಲೆಟ್‌ಗೆ ದಿಕ್ಕಿದೆ. ತಳದ ಪಟ್ಟಿಗಳು ರೋಲರ್ ಮೇಲೆ ಚಲಿಸುವ ದಿಕ್ಕಿಗೆ ಸಮಾಂತರವಾಗಿರಬೇಕು, ಚೈನ್ ಮೇಲೆ ಅಡ್ಡವಾಗಿರಬೇಕು. 1200×800ರ ಯೂರೋ ಪ್ಯಾಲೆಟ್‌ನಲ್ಲಿ ಮೂರು ಪಟ್ಟಿಗಳೂ 1200ರ ಉದ್ದಕ್ಕಿವೆ. ಆದ್ದರಿಂದ ರೋಲರ್ ಮೇಲೆ ಉದ್ದುದ್ದಕ್ಕೆ, ಚೈನ್ ಮೇಲೆ ಅಡ್ಡಡ್ಡಕ್ಕೆ ಹೋಗುತ್ತದೆ. ತಿರುಗಿಸದೆ 90 ಡಿಗ್ರಿ ದಾಟಿಸಿದರೆ ಎರಡೂ ತಾನಾಗಿ ಸರಿಹೋಗುತ್ತವೆ. ಪ್ಯಾಲೆಟ್ ಅಡ್ಡಲಾಗಿ ಲೈನ್‌ಗೆ ಬಂದರೆ ಪಟ್ಟಿಗಳು ರೋಲರ್‌ಗಳ ನಡುವೆ ಕುಸಿಯುತ್ತಾ ಕುಲುಕುತ್ತವೆ. ಯೂರೋ ಪ್ಯಾಲೆಟ್‌ನ ಅಂಚಿನ ಪಟ್ಟಿಯ ಅಗಲ 100 ಮಿ.ಮೀ.; ಒಂದು ಚೈನ್ ಮುಗಿದು ಇನ್ನೊಂದು ಶುರುವಾಗುವ ಗ್ಯಾಪ್ ಅದಕ್ಕಿಂತ ಕಡಿಮೆ ಇರಬೇಕು.

1,000 ಕೆ.ಜಿ. ಪ್ಯಾಲೆಟ್‌ಗೆ, ಪ್ಲಾಸ್ಟಿಕ್ ಗೈಡ್ ಮೇಲೆ ಚೈನ್‌ನ ಘರ್ಷಣೆ 0.15 ಎಂದರೆ ಸುಮಾರು 1,470 ನ್ಯೂಟನ್. 0.3 ಮೀ./ಸೆ. ವೇಗವನ್ನು 0.6 ಸೆಕೆಂಡಿನಲ್ಲಿ ಮುಟ್ಟಲು ಇನ್ನೊಂದು 500. ಒಟ್ಟು 1,970 ನ್ಯೂಟನ್, 0.3 ಮೀ./ಸೆ.ನಲ್ಲಿ 590 ವ್ಯಾಟ್, ಗೇರ್‌ಬಾಕ್ಸ್ ನಷ್ಟ ಸೇರಿಸಿ 0.75 ಕಿಲೋವ್ಯಾಟ್ ಮೋಟರ್. ಎತ್ತಲು ಸಿಲಿಂಡರ್ ಬೇಡ, ಎಕ್ಸೆಂಟ್ರಿಕ್ ಶಾಫ್ಟ್ ಮತ್ತು ಗೇರ್ ಮೋಟರ್ ಹಾಕಿ. ಫ್ರೇಮ್ ಸೇರಿ 1,200 ಕೆ.ಜಿ.ಯನ್ನು 5 ಬಾರ್‌ನಲ್ಲಿ ಎತ್ತಲು ನಾಲ್ಕು 80 ಮಿ.ಮೀ. ಸಿಲಿಂಡರ್‌ಗಳೂ ಸಾಲುವುದಿಲ್ಲ, ನಾಲ್ಕು 100 ಮಿ.ಮೀ. ಬೇಕಾಗುತ್ತದೆ, ಅವನ್ನು ಸಮವಾಗಿ ಏರಿಸುವುದು ಇನ್ನೊಂದು ತಲೆನೋವು.

ಪ್ಯಾಲೆಟ್ ಸೊಟ್ಟಗೆ ಹೋಗತೊಡಗಿದರೆ ಚೈನ್ ಅಳೆಯಿರಿ. 10ಬಿ ಚೈನ್‌ನ ಪಿಚ್ 15.875 ಮಿ.ಮೀ., 20 ಪಿಚ್‌ಗೆ 317.5. ಬಿಗಿಯಾಗಿ ಎಳೆದು ಹಿಡಿದಾಗ ಅದು 323.8 ದಾಟಿದ್ದರೆ ಶೇ. 2 ಹಿಗ್ಗಿದೆ, ಬದಲಿಸುವ ಹೊತ್ತು. ಎಡ ಬಲ ಎರಡು ಚೈನ್‌ಗಳನ್ನೂ ಒಟ್ಟಿಗೆ, ಒಂದೇ ಕಂಪನಿಯ ಒಂದೇ ಬ್ಯಾಚ್‌ನಿಂದ ಹಾಕಿ. ಹಳೆಯದರ ಜೊತೆ ಹೊಸದು ಹಾಕಿದರೆ ಎರಡೂ ಸ್ಪ್ರಾಕೆಟ್ ಮೇಲೆ ಒಂದೇ ಹೊಂದಿಕೆಯಲ್ಲಿ ಕೂರುವುದಿಲ್ಲ, ಒಂದರ ಮೇಲೆಯೇ ಎಳೆತ ಬೀಳುತ್ತದೆ. ಚೈನ್ ಬದಲಿಸುವಾಗ ಸ್ಪ್ರಾಕೆಟ್ ಹಲ್ಲುಗಳು ಕೊಕ್ಕೆಯಂತೆ ಬಾಗಿ ಸವೆದಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಹೊಸ ಚೈನ್ ಕೆಲವೇ ತಿಂಗಳಲ್ಲಿ ಹಳೆಯದರ ಗತಿಗೆ ಬರುತ್ತದೆ.